ಕೆರೆಯ ಜೀರ್ಣೋದ್ಧಾರ

ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯ ಹೆಸರನ್ನು ಬಿಡಿಸಿದರೆ ‘ಅರಸಿಯ ಕೆರೆ’ ಎಂದಾಗುತ್ತದೆ. ಕೆರೆಯ ಹೆಸರೇ ಊರಿನ ಹೆಸರಾಗಿ ನಿಲ್ಲುವಷ್ಟರ ಮಟ್ಟಿಗೆ ಈ ಸೀಮೆಯ ಬಾಳುವೆ ಕೆರೆಗಳನ್ನು ನೆಮ್ಮಿಕೊಂಡಿತ್ತು. ತುಂಗಭದ್ರೆಯು ತಾಲ್ಲೂಕಿನ ಅಂಚಿನಲ್ಲಿಯೇ ಹರಿದರೂ ಮೇಲ್ನೆಲದ ಹೊಲಗಳಿಗೆ ಆ ನೀರು ತಾನಾಗಿ ಏರಿ ಬಾರದು. ಬಿದ್ದ ಮಳೆಯನ್ನು ಏರಿ ಕಟ್ಟಿ ನಿಲ್ಲಿಸಿಕೊಳ್ಳುವುದೇ ಹಿರಿಯರು ಕಂಡುಕೊಂಡ ದಾರಿ.

ಕೆರೆಯೆಂದರೆ ಬರಿಯ ಹಳ್ಳವಲ್ಲ. ನೀರು ತರುವ ಕಾಲುವೆ, ತಡೆದು ನಿಲ್ಲಿಸುವ ಏರಿ, ಗದ್ದೆಗೆ ಬಿಡುವ ತೂಬು, ಹೆಚ್ಚಾದುದನ್ನು ಹೊರಹಾಕುವ ಕೋಡಿ, ಇವೆಲ್ಲವೂ ಸೇರಿದರೇ ಅದು ಕೆರೆ. ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು 1369ರಲ್ಲಿ ಬರೆಯಿಸಿದ ಪೋರುಮಾಮಿಳ್ಳ ಶಾಸನವು ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಬಾರದ ಆರು ದೋಷಗಳನ್ನೂ ಎಣಿಸಿ ಹೇಳುತ್ತದೆ. ಆ ಕೆರೆಗೆ ದಿನವೂ 1000 ಆಳುಗಳೂ 100 ಬಂಡಿಗಳೂ ಎರಡು ವರ್ಷ ದುಡಿದುವಂತೆ. ಅದಕ್ಕೂ ಹಿಂದೆ, 12ನೆಯ ಶತಮಾನದಲ್ಲಿ, ಸೊನ್ನಲಿಗೆಯ ಸಿದ್ಧರಾಮನು ಕೆರೆ ಕಟ್ಟುವುದನ್ನೇ ಕಾಯಕವನ್ನಾಗಿ ಕೈಕೊಂಡುದು ನಾಡಿಗೆಲ್ಲ ತಿಳಿದ ಸಂಗತಿ.

ಕಟ್ಟಿದ ಮೇಲೆ ಕಾಯುವುದೇ ಕಷ್ಟ. ಅದಕ್ಕಾಗಿಯೇ ಬಿತ್ತುವಟ್ಟ, ದಶವಂದ, ಕೆರೆಗೊಡಗೆಗಳೆಂಬ ಏರ್ಪಾಡುಗಳಿದ್ದುವು; ತೂಬು ನೋಡಿಕೊಳ್ಳಲು ನೀರುಗಂಟಿಯಿದ್ದನು. ಬಳ್ಳಾರಿ ಜಿಲ್ಲೆಯು 1953ರವರೆಗೆ ಮದರಾಸಿನ ಆಡಳಿತಕ್ಕೆ ಸೇರಿತ್ತು. ಆ ಪ್ರಾಂತದಲ್ಲಿ ಊರವರೇ ಕೂಡಿ ಕೆರೆ ಕಾಲುವೆಗಳನ್ನು ದುರಸ್ತಿ ಮಾಡುವುದಕ್ಕೆ ‘ಕುಡಿಮರಾಮತ್ತು’ ಎಂದು ಹೆಸರು. 1858ರ ಕಾಯಿದೆಯು ಆ ದುಡಿಮೆಯನ್ನು ಕಡ್ಡಾಯವಾಗಿಸಿತು. ಮನಸ್ಸೊಪ್ಪಿ ನಡೆಯುತ್ತಿದ್ದುದಕ್ಕೆ ಕಾನೂನಿನ ಬೆತ್ತ ಬೇಕಾಯಿತೆಂದರೆ ರೋಗವು ಆಗಲೇ ತಲೆದೋರಿತ್ತೆಂದೇ ತಿಳಿಯಬೇಕು. ಮುಂದೆ ಕೆರೆ ಸರಕಾರದ್ದಾಯಿತು, ಊರಿನದಾಗಿ ಉಳಿಯಲಿಲ್ಲ. ಗೋಡು ತುಂಬಿತು, ಅಂಗಳವನ್ನು ಬಳ್ಳಾರಿ ಜಾಲಿ ಆವರಿಸಿತು, ಒತ್ತುವರಿ ಮೆಲ್ಲಮೆಲ್ಲನೆ ಒಳಸರಿಯಿತು.

ಈ ಕಡಿದುಹೋದ ನಂಟನ್ನು ಮರಳಿ ಬೆಸೆದ ನಿದರ್ಶನವು ನದಿಯಾಚೆಯ ಕೊಪ್ಪಳದಲ್ಲಿದೆ. 2019ರಲ್ಲಿ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ಹಿರೇಹಳ್ಳವನ್ನು ಶುದ್ಧಗೊಳಿಸಲು ತಾವೇ ಹಳ್ಳಕ್ಕಿಳಿದರು. ಇಪ್ಪತ್ತು ಕಿಲೋಮೀಟರಿಗೂ ಮಿಗಿಲಾದ ಪಾತ್ರದಲ್ಲಿ ಬೆಳೆದಿದ್ದ ಜಾಲಿಯೂ ತುಂಬಿದ್ದ ಹೂಳೂ ಜನರ ದುಡಿಮೆಯಿಂದ ಹೊರಬಿದ್ದುವು. ಯಂತ್ರಗಳು ಬಂದುವು, ನಿಜ. ಆದರೆ ಅವುಗಳ ಹಿಂದೆ ಹಳ್ಳಿಗಳ ದಾಸೋಹಬುದ್ಧಿಯಿತ್ತು. ಮುಂದೆ ಗಿಣಿಗೇರಿಯ ಕೆರೆಯಲ್ಲಿಯೂ ಶ್ರೀಗಳ ಮುಂದಾಳ್ತನದಲ್ಲಿ ಇಂತಹುದೇ ಕಾರ್ಯ ನಡೆಯಿತು.

ಇದನ್ನು ಕಂಡು ತಮ್ಮೂರಿನ ಕೆರೆಗೂ ಕೈಹಾಕಬೇಕೆನ್ನುವವರು ಕೆಲಸದ ಕ್ರಮವನ್ನರಿಯುವುದು ಮೇಲು. ಮೊದಲು ಅಳತೆ ಮಾಡಿಸಿ ಎಲ್ಲೆಗಲ್ಲು ನೆಡಿಸಬೇಕು. ಅದಿಲ್ಲದೆ ಗುದ್ದಲಿ ಹಾಕಿದರೆ ಜಗಳವೇ ಫಲ. ಆಮೇಲೆ ನೀರು ಬರುವ ಕಾಲುವೆ. ಕಾಲುವೆ ಮುಚ್ಚಿದ್ದರೆ ಎಷ್ಟು ಆಳ ತೋಡಿದರೂ ಕೆರೆ ಬರಿದೇ. ಹೂಳನ್ನು ಬೇಸಗೆಯಲ್ಲಿ, ಅಂಗಳ ಒಣಗಿದಾಗ ಎತ್ತಬೇಕು. ಹೊಲಗಳಿಂದ ಕೊಚ್ಚಿಬಂದ ಮೇಲ್ಮಣ್ಣೇ ಆ ಗೋಡು. ಅದನ್ನು ರೈತರು ತಮ್ಮ ಹೊಲಗಳಿಗೆ ಹೇರಿಕೊಂಡು ಹೋದರೆ ಸಾಗಣೆಯ ವೆಚ್ಚವೂ ಇಳಿಯುವುದು, ನೆಲಕ್ಕೆ ಸಾರವೂ ಮರಳುವುದು. ಆದರೆ ಏರಿಯ ಬುಡದ ಮಣ್ಣನ್ನು ಮಾತ್ರ ಕೆದಕಲಾಗದು. ಹೆಚ್ಚು ಮಣ್ಣು ಸಿಕ್ಕೀತೆಂಬ ಆಸೆಯಿಂದ ಅಲ್ಲಿ ತೋಡಿದರೆ ಏರಿಯೇ ಕುಸಿದೀತು. ಹೂಳೆತ್ತಿದ ಮೊದಲ ಮಳೆಗಾಲದಲ್ಲಿ ಕೆರೆ ತುಂಬಿದಾಗ ಏರಿಯ ಹಿಂಬದಿಯಲ್ಲಿ ನೀರು ಜಿನುಗುತ್ತಿದೆಯೇ ಎಂದು ಊರವರು ಸರದಿಯಂತೆ ರಾತ್ರಿಯೂ ಕಾಯಬೇಕಾಗುತ್ತದೆ. ಪೋರುಮಾಮಿಳ್ಳದ ಶಾಸನವು ಎಣಿಸಿದ ಆರು ದೋಷಗಳಲ್ಲಿ ಮೊದಲನೆಯದು ಇದೇ.