ಆಪರೇಷನ್ ಆಯಿತು, ಫೈಲು ಮುಚ್ಚಬೇಡಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಯಾರದಾದರೂ ಕಣ್ಣು ಹಳದಿಯಾದರೆ ಮೊದಲು ನೆನಪಾಗುವುದು ನೆಲನೆಲ್ಲಿ ಮತ್ತು ಪಥ್ಯ. ವೈರಸ್ಸಿನಿಂದ ಬರುವ ಕಾಮಾಲೆ ಬಹಳಷ್ಟು ಮಂದಿಗೆ ವಿಶ್ರಾಂತಿಯಲ್ಲೇ ಇಳಿಯುವುದರಿಂದ ಆ ಮದ್ದಿಗೆ ಒಳ್ಳೆಯ ಹೆಸರೂ ಬಂದಿದೆ. ಆದರೆ ಮಲ ಬಿಳಿಚಿಕೊಂಡು, ಮೂತ್ರ ಕಡುಬಣ್ಣಕ್ಕೆ ತಿರುಗಿ, ಮೈಯೆಲ್ಲ ತುರಿಸತೊಡಗಿದರೆ ಪಿತ್ತರಸದ ದಾರಿ ಎಲ್ಲೋ ಕಟ್ಟಿದೆ ಎಂದು ಸಂಶಯಪಡಬೇಕು. ಕಟ್ಟಿದ್ದು ಕಲ್ಲಾಗಿರಬಹುದು; ಅಪರೂಪಕ್ಕೆ ಪಿತ್ತನಾಳದ ಕ್ಯಾನ್ಸರ್ ಗಂಟೂ ಆಗಿರಬಹುದು.

ಯಕೃತ್ತು ದಿನಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು ಪಿತ್ತರಸ ತಯಾರಿಸುತ್ತದೆ. ಗುಡ್ಡದ ಸಣ್ಣ ತೋಡುಗಳೆಲ್ಲ ಸೇರಿ ಹೊಳೆಯಾಗುವಂತೆ ಅದರ ಕವಲುಗಳು ಕೂಡಿ ಒಂದೇ ನಾಳವಾಗಿ ಕರುಳನ್ನು ಸೇರುತ್ತವೆ. ಎಡ-ಬಲ ಕವಲುಗಳು ಕೂಡುವಲ್ಲೇ ಏಳುವ ಗಂಟನ್ನು ಅಮೆರಿಕದ ವೈದ್ಯ ಜೆರಾಲ್ಡ್ ಕ್ಲಾಟ್‌ಸ್ಕಿನ್ 1965ರಲ್ಲಿ ವಿವರಿಸಿದರು. ಇಂದಿಗೂ ಅದಕ್ಕೆ ಅವರದೇ ಹೆಸರು. ಶಸ್ತ್ರವೈದ್ಯರಿಗೆ ಅದು ಬಹು ಇಕ್ಕಟ್ಟಿನ ಜಾಗ. ಪಕ್ಕದಲ್ಲೇ ಯಕೃತ್ತಿಗೆ ರಕ್ತ ಒಯ್ಯುವ ನಾಳಗಳು. ಗಂಟಿನೊಡನೆ ಯಕೃತ್ತಿನ ಒಂದು ಭಾಗವನ್ನೂ ತೆಗೆದು, ಉಳಿದ ಪಿತ್ತನಾಳಕ್ಕೆ ಕರುಳನ್ನು ಹೊಲಿಯಬೇಕಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಕ್ಯಾನ್ಸರ್ ಮರುಕಳಿಸುತ್ತದೆ. ಅದೂ ಹೆಚ್ಚಾಗಿ ಮೊದಲ ಎರಡು-ಮೂರು ವರ್ಷಗಳೊಳಗೆ. ಈ ಕ್ಯಾನ್ಸರಿನ ಜೀವಕೋಶಗಳು ನಾಳದ ಗೋಡೆಯೊಳಗೆ, ನರಗಳ ಜಾಡು ಹಿಡಿದು, ಕಣ್ಣಿಗೆ ಕಾಣದಷ್ಟು ದೂರ ಹರಿದಿರುತ್ತವೆ. ಕತ್ತರಿಸಿದ ಅಂಚಿನಲ್ಲಿ ಅಥವಾ ಹತ್ತಿರದ ದುಗ್ಧಗ್ರಂಥಿಗಳಲ್ಲಿ ಅವು ಸಿಕ್ಕಿದ್ದರೆ ಭಯ ಹೆಚ್ಚು. ಆದ್ದರಿಂದ ಬಯಾಪ್ಸಿ ವರದಿಯ ಆ ಎರಡು ಸಾಲುಗಳನ್ನು ವೈದ್ಯರಿಂದ ಬಿಡಿಸಿ ಕೇಳಿ ತಿಳಿಯುವುದು ರೋಗಿಯ ಹಕ್ಕು.

ಮರುಕಳಿಕೆಯನ್ನು ತಡೆಯಲು ಮದ್ದಿಲ್ಲವೆ? ಬ್ರಿಟನ್ನಿನಲ್ಲಿ 447 ಮಂದಿ ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಯ ಬಳಿಕ ಆರು ತಿಂಗಳು ಕ್ಯಾಪೆಸಿಟಬಿನ್ ಮಾತ್ರೆ ಪಡೆದವರ ಆಯುಷ್ಯದ ಮಧ್ಯಮಾಂಕ ಸುಮಾರು 51 ತಿಂಗಳು, ಪಡೆಯದವರದು 36. ಲೆಕ್ಕಶಾಸ್ತ್ರದ ಬಿಗಿ ಒರೆಗಲ್ಲಿನಲ್ಲಿ ಈ ವ್ಯತ್ಯಾಸ ಪೂರಾ ಗೆಲ್ಲಲಿಲ್ಲವಾದರೂ ವೈದ್ಯಲೋಕ ಆ ಮಾತ್ರೆಯನ್ನು ಒಪ್ಪಿಕೊಂಡಿತು.

ಮಾತ್ರೆಗಿಂತ ಕಷ್ಟವಾದದ್ದು ತಪಾಸಣೆ. ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಸ್ಕ್ಯಾನು. ಬಂಟ್ವಾಳದಿಂದ ಮಂಗಳೂರು ಸುಮಾರು 25 ಕಿಲೋಮೀಟರು, ಬೆಳ್ತಂಗಡಿಯಿಂದ 60. ಹಸಿವು ಮರಳಿ, ತೋಟಕ್ಕೆ ಇಳಿಯುವಷ್ಟು ಚೇತರಿಸಿಕೊಂಡ ಯಜಮಾನರಿಗೆ ‘ಚೆನ್ನಾಗಿದ್ದೇನಲ್ಲ’ ಎನ್ನಿಸುವುದು ಸಹಜ. ಅಡಿಕೆ ಕೊಯ್ಲಿನ ನಡುವೆ ಒಂದು ತಾರೀಕು ತಪ್ಪುತ್ತದೆ, ಆಮೇಲೆ ಇನ್ನೊಂದು.

ಮೂಡುಬಿದಿರೆ, ಉಜಿರೆಯ ಹಾಸ್ಟೆಲುಗಳಲ್ಲಿ ಓದುವ ಮಕ್ಕಳಿಂದ ಇಂಥ ಕಾಯಿಲೆಯನ್ನು ‘ಪರೀಕ್ಷೆ ಮುಗಿಯಲಿ’ ಎಂದು ಬಚ್ಚಿಡುವ ತಂದೆತಾಯಿಗಳುಂಟು. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ, ಸರಿ. ಆದರೆ ಮನೆಯಲ್ಲಿ ಇಂಗ್ಲಿಷ್ ವರದಿ ಓದಬಲ್ಲವರು, ಮೊಬೈಲಿನಲ್ಲಿ ತಾರೀಕು ಗುರುತಿಡಬಲ್ಲವರು ಅನೇಕ ಸಲ ಆ ಮಕ್ಕಳೇ. ಇದು ಅಂಟುರೋಗವಲ್ಲ, ಬಹುಪಾಲು ವಂಶಪಾರಂಪರ್ಯವಾಗಿಯೂ ಬರುವುದಿಲ್ಲ ಎಂಬುದನ್ನೂ ಅವರಿಗೆ ಹೇಳಬೇಕು. ಥಾಯ್ಲೆಂಡಿನ ಈಶಾನ್ಯದಲ್ಲಿ ಇದು ಹೆಚ್ಚಿರುವುದು ಹೊಳೆ ಮೀನನ್ನು ಹಸಿಯಾಗಿ ತಿಂದಾಗ ದೇಹ ಸೇರುವ ಹುಳುವಿನಿಂದ. ಚೆನ್ನಾಗಿ ಕುದಿಸುವ ನಮ್ಮ ಮೀನಿನ ಸಾರಿಗೆ ಆ ಅಪವಾದ ಬೇಡ!

ಶಸ್ತ್ರಚಿಕಿತ್ಸೆಯ ನಂತರ ಕಣ್ಣು ಮತ್ತೆ ಹಳದಿಯಾದ ಮಾತ್ರಕ್ಕೆ ಕ್ಯಾನ್ಸರೇ ಮರಳಿತೆಂದು ಎದೆಗುಂದಬೇಕಾಗಿಲ್ಲ. ಹೊಲಿಗೆಯ ಜಾಗ ಗಾಯ ಮಾಗುವಾಗ ಬಿಗಿದುಕೊಂಡರೂ ಕಾಮಾಲೆ ಬರುತ್ತದೆ. ಅದನ್ನು ಅಗಲಿಸಲು ಸಾಧ್ಯ. ಸಿಎ 19-9 ಎಂಬ ರಕ್ತಪರೀಕ್ಷೆಯ ಅಂಕಿ ಕೂಡ ಪಿತ್ತ ಕಟ್ಟಿದಾಗಲೇ ಏರುವುದರಿಂದ ಅದೊಂದನ್ನೇ ನಂಬಿ ತೀರ್ಮಾನಿಸುವಂತಿಲ್ಲ. ಹಳದಿಯ ಜೊತೆ ಚಳಿ ಹುಟ್ಟಿಸುವ ಜ್ವರ ಬಂದರೆ ಮಾತ್ರ ಮುಂದಿನ ತಪಾಸಣೆಯ ದಿನಕ್ಕೆ ಕಾಯುವಂತಿಲ್ಲ. ಕಟ್ಟಿದ ಪಿತ್ತದಲ್ಲಿ ಸೋಂಕು ತಗಲಿದ್ದರೆ ಅದು ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಏರಬಹುದು. ಹಳೆಯ ಫೈಲು ಹಿಡಿದು ಅಂದೇ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಬೇಕು.