ಸರ್ಕಾರಿ ಪ್ರಕಟಣೆಗಳು: ಮರುಬಳಕೆಯ ಹಕ್ಕು ಮತ್ತು ವಿಶ್ವಾಸಾರ್ಹತೆ

ಗ್ಯಾಸೆಟಿಯರ್, ಜನಗಣತಿ ವರದಿ, ಬುಡಕಟ್ಟುಗಳ ಸಮೀಕ್ಷೆ ಮೊದಲಾದ ಸರ್ಕಾರಿ ಪ್ರಕಟಣೆಗಳು ಜಾನಪದ ಅಧ್ಯಯನದ ಮುಖ್ಯ ಆಕರಗಳಾಗಿವೆ. ಇವುಗಳನ್ನು ಕುರಿತು ಎರಡು ಗ್ರಹಿಕೆಗಳು ಬೇರೂರಿವೆ. ಸರ್ಕಾರ ಅಚ್ಚು ಮಾಡಿಸಿದ್ದನ್ನು ಯಾರು ಬೇಕಾದರೂ ಮರುಮುದ್ರಿಸಬಹುದು ಎಂಬುದು ಒಂದು. ಸರ್ಕಾರದ ಮುದ್ರೆಯಿದ್ದರೆ ಅದು ಪ್ರಮಾಣ ಎಂಬುದು ಇನ್ನೊಂದು. ಇವೆರಡನ್ನೂ ಪ್ರತ್ಯೇಕವಾಗಿ ಪರಿಶೀಲಿಸುವುದು ಅಗತ್ಯ.

1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಸರ್ಕಾರಿ ಕೃತಿಗೂ ಕೃತಿಸ್ವಾಮ್ಯವುಂಟು. ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಅದರ ಮೊದಲ ಒಡೆತನ ಸರ್ಕಾರದ್ದು. ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ಅದರ ಅವಧಿ. 1960ರಲ್ಲಿ ಪ್ರಕಟವಾದ ಸರ್ಕಾರಿ ಗ್ರಂಥ 2021ರ ಜನವರಿ 1ರಂದು ಮುಕ್ತವಾಯಿತು. 52ನೆಯ ಪ್ರಕರಣದಲ್ಲಿ ಕೆಲವು ವಿನಾಯಿತಿಗಳಿವೆ. ರಾಜ್ಯಪತ್ರದಲ್ಲಿ ಪ್ರಕಟವಾದ ಅಧಿಸೂಚನೆಗಳನ್ನೂ, ಸರ್ಕಾರ ನಿಷೇಧಿಸದಿದ್ದಲ್ಲಿ, ಶಾಸನಸಭೆಯಲ್ಲಿ ಮಂಡಿತವಾದ ಸಮಿತಿ ವರದಿಗಳನ್ನೂ ಮರುಮುದ್ರಿಸಬಹುದು. ಅಧಿನಿಯಮದ ಪಠ್ಯವನ್ನಾದರೆ ವ್ಯಾಖ್ಯಾನ ಅಥವಾ ಇತರ ಸ್ವತಂತ್ರ ಬರಹದೊಡನೆ ಮುದ್ರಿಸಬೇಕು. ಹೆಸರಿನ ಸಾಮ್ಯದಿಂದಾಗಿ ಗ್ಯಾಸೆಟ್ ಮತ್ತು ಗ್ಯಾಸೆಟಿಯರ್‌ಗಳನ್ನು ಒಂದೆಂದು ಭಾವಿಸಬಾರದು. ರಾಜ್ಯಪತ್ರಕ್ಕಿರುವ ವಿನಾಯಿತಿ ಜಿಲ್ಲಾ ಗ್ಯಾಸೆಟಿಯರ್‌ಗೆ ಅನ್ವಯಿಸದು.

ಹಕ್ಕಿನ ಅವಧಿ ಮುಗಿದ ಗ್ರಂಥವೆಲ್ಲ ವಿಶ್ವಾಸಾರ್ಹವೇನಲ್ಲ. ಎಡ್ಗರ್ ಥರ್ಸ್ಟನ್ ಅವರು ಕೆ. ರಂಗಾಚಾರಿಯವರ ನೆರವಿನಿಂದ ರಚಿಸಿದ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳನ್ನು ಕುರಿತ ಏಳು ಸಂಪುಟಗಳನ್ನು 1909ರಲ್ಲಿ ಮದ್ರಾಸಿನ ಸರ್ಕಾರಿ ಮುದ್ರಣಾಲಯ ಹೊರತಂದಿತು. ಇಂದು ಅವು ಮುಕ್ತ. ಆದರೆ ಅವುಗಳಲ್ಲಿನ ಕೊರವರ ವಿವರಣೆ ಪೊಲೀಸ್ ಅಧಿಕಾರಿಗಳ ಟಿಪ್ಪಣಿಗಳನ್ನು ಬಹುವಾಗಿ ಅವಲಂಬಿಸಿದೆ. ಆಚರಣೆ, ನಂಬಿಕೆಗಳ ಜೊತೆಗೆ ಕಳ್ಳತನದ ವಿಧಾನಗಳನ್ನೂ ಸಮುದಾಯದ ಲಕ್ಷಣಗಳೆಂಬಂತೆ ನಿರೂಪಿಸಿದೆ. ಹುಟ್ಟಿನಿಂದಲೇ ಅಪರಾಧಿಗಳೆಂದು ಸಮುದಾಯಗಳನ್ನು ಗುರುತಿಸುವ ಕಾಯಿದೆ 1871ರಲ್ಲಿ ಬ್ರಿಟಿಷ್ ಆಡಳಿತದಲ್ಲಿ ಬಂದಿತ್ತು, 1952ರಲ್ಲಿ ರದ್ದಾಯಿತು. ಕಾಯಿದೆ ಹೋದರೂ ಆ ದೃಷ್ಟಿಯ ವಾಕ್ಯಗಳು ಮರುಮುದ್ರಣಗಳಲ್ಲಿ ಉಳಿದಿವೆ. ಟಿಪ್ಪಣಿಯಿಲ್ಲದೆ ಅವನ್ನು ಉದ್ಧರಿಸಿದರೆ ವಿಮುಕ್ತ ಸಮುದಾಯಗಳ ಮೇಲಿನ ಹಳೆಯ ಆರೋಪವನ್ನೇ ಹೊಸದಾಗಿ ಅಚ್ಚು ಹಾಕಿದಂತಾಗುತ್ತದೆ.

ಆದ್ದರಿಂದ ಸಂಶೋಧಕರು ಮಾಹಿತಿಯನ್ನು ಯಾರು, ಯಾವಾಗ, ಯಾವ ಉದ್ದೇಶಕ್ಕಾಗಿ ಸಂಗ್ರಹಿಸಿದರು ಎಂಬುದನ್ನು ಮೊದಲು ಗುರುತಿಸಬೇಕು. ಕಣ್ಣಾರೆ ಕಂಡದ್ದನ್ನು ಕೇಳಿ ಬರೆದದ್ದರಿಂದ ಬೇರ್ಪಡಿಸಬೇಕು; ಹಿಂದಿನ ಆವೃತ್ತಿಯಿಂದ ಎತ್ತಿಕೊಂಡ ಭಾಗಗಳನ್ನು ಪತ್ತೆಹಚ್ಚಬೇಕು. ಸಮುದಾಯದ ಹಿರಿಯರ ಹೇಳಿಕೆಗಳನ್ನೂ ಮೌಖಿಕ ಪರಂಪರೆಯನ್ನೂ ಲಿಖಿತ ವಿವರದ ಎದುರಿಗಿಟ್ಟು ನೋಡಬೇಕು. ಗ್ರಂಥಾಲಯಗಳು ಇಂತಹ ಗ್ರಂಥಗಳ ಸೂಚಿಯಲ್ಲಿ ಮೊದಲ ಪ್ರಕಟಣೆಯ ವರ್ಷವನ್ನೂ ಪ್ರಕಾಶಕರನ್ನೂ ಮರುಮುದ್ರಣದ ವಿವರದಿಂದ ಬೇರೆಯಾಗಿಯೇ ದಾಖಲಿಸಬೇಕು. ಹಕ್ಕಿನ ಅವಧಿಯನ್ನು ಲೆಕ್ಕಹಾಕುವುದಕ್ಕೂ ಮಾಹಿತಿಯ ಕಾಲವನ್ನು ನಿರ್ಣಯಿಸುವುದಕ್ಕೂ ಅದೇ ಆಧಾರ.