ಓದಿಸಿಕೊಳ್ಳುವ ಅಕ್ಷರ

ಚೆನ್ನಾಗಿ ಬರೆದವರನ್ನು ಮುತ್ತಿನಂಥ ಅಕ್ಷರವೆಂದು ಹೊಗಳುವುದು, ಕೆಟ್ಟದಾಗಿ ಬರೆದವರನ್ನು ಕಾಗೆಕಾಲು ಗುಬ್ಬಿಕಾಲು ಎಂದು ಹಳಿಯುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆ. ಇವೆರಡರ ನಡುವೆ ಮೂರನೆಯದೊಂದು ಅಕ್ಷರವುಂಟು. ಅದು ಮುತ್ತಿನಂತಿರುವುದಿಲ್ಲ, ಆದರೆ ಎಡವದೆ ಓದಲು ಬರುತ್ತದೆ. ಸಂಸಾರ, ಉದ್ಯೋಗಗಳ ನಡುವೆ ಮತ್ತೆ ಪುಸ್ತಕ ಹಿಡಿದು ಪದವಿಗೆ ಓದುತ್ತಿರುವ ನಿಮ್ಮಂಥವರಿಗೆ ಬೇಕಾದುದು ಈ ಮೂರನೆಯ ಅಕ್ಷರ. ಅದನ್ನು ಪಡೆಯುವ ಬಗೆ ಯಾವುದೆಂಬುದನ್ನು ಇಲ್ಲಿ ವಿಚಾರಿಸೋಣ.

ದೂರಶಿಕ್ಷಣದ ಅಸೈನ್‌ಮೆಂಟುಗಳನ್ನು ತಿದ್ದುವ ಕೆಲಸ ಕೆಲವು ವರ್ಷ ನನ್ನ ಪಾಲಿಗಿತ್ತು. ಒಮ್ಮೆ ಇತಿಹಾಸದ ಉತ್ತರವೊಂದು ಕೈಗೆ ಬಂತು. ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರ ವರೆಗೆ ಮೈಸೂರಿನ ದಿವಾನರಾಗಿದ್ದಾಗ ಮಾಡಿದ ಕೆಲಸಗಳನ್ನು ಕುರಿತ ಪ್ರಶ್ನೆ. ಎರಡನೆಯ ಪುಟದ ಹತ್ತು ಹನ್ನೆರಡು ಸಾಲುಗಳನ್ನು ಬಿಡಿಸಿ ಓದಲು ನನಗೆ ಸಾಧ್ಯವಾಗಲಿಲ್ಲ. ಇಸವಿಯೊಂದು 1910 ಎಂದು ಕಂಡಿತು. ತಪ್ಪೆಂದು ಕೆಂಪು ಗೆರೆ ಎಳೆದೆ. ಅರ್ಧದಷ್ಟು ಅಂಕ ಹಾಕಿ ಮುಂದಿನದನ್ನು ಎತ್ತಿಕೊಂಡೆ.

ಮುಂದಿನ ಸಂಪರ್ಕ ತರಗತಿಯಲ್ಲಿ ಅದನ್ನು ಬರೆದಾಕೆಯೇ ನನ್ನೆದುರು ನಿಂತರು. ನಲವತ್ತು ದಾಟಿದ ವಯಸ್ಸು. ಮನೆಯಲ್ಲಿ ಹೊಲಿಗೆ ಯಂತ್ರವಿಟ್ಟುಕೊಂಡು ದುಡಿಯುತ್ತಿದ್ದವರು. ಆ ಪುಟವನ್ನು ಅವರ ಕೈಗೇ ಕೊಟ್ಟು, “ಓದಿ, ತಾಯಿ” ಎಂದೆ. ಓದಿದರು. 1913ರ ಮೈಸೂರು ಬ್ಯಾಂಕು, 1915ರ ಕನ್ನಡ ಸಾಹಿತ್ಯ ಪರಿಷತ್ತು, 1916ರ ಮೈಸೂರು ವಿಶ್ವವಿದ್ಯಾನಿಲಯ, ಎಲ್ಲವೂ ಅಲ್ಲಿತ್ತು. ನಾನು ತಪ್ಪೆಂದು ಗೆರೆ ಎಳೆದಿದ್ದ ಇಸವಿ 1916. ಆಕೆಯ 6ರ ಬಾಲ ಸುತ್ತಿಕೊಂಡು ಸೊನ್ನೆಯಾಗಿತ್ತು.

ನನಗೆ ನಾಚಿಕೆಯಾಯಿತು; ಅಂಕವನ್ನು ಸರಿಪಡಿಸಿದೆ. ಆಕೆ ಮಾತ್ರ ಸಮಾಧಾನಗೊಳ್ಳಲಿಲ್ಲ. “ಇವತ್ತು ನೀವು ಕೇಳಿದಿರಿ, ನಾನು ಓದಿದೆ. ಪರೀಕ್ಷೆಯ ಪೇಪರಿನ ಜೊತೆ ನಾನು ಹೋಗೋಕಾಗುತ್ತಾ, ಸಾರ್? ಬಟ್ಟೆಯಲ್ಲಿ ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕ್ತೀನಿ. ಈ ವಯಸ್ಸಿನಲ್ಲಿ ಅಕ್ಷರಾನ ಹೇಗೆ ಬಿಚ್ಚಲಿ?” ಎಂದರು. ಈ ಲೇಖನ ಆ ಪ್ರಶ್ನೆಗೆ ಉತ್ತರ.

ಅಕ್ಷರವನ್ನು ನೋಡಿ ಅಂಕ ಕೊಡುವುದು ಅನ್ಯಾಯವಲ್ಲವೇ ಎಂದು ನೀವು ಕೇಳಬಹುದು. ಅನ್ಯಾಯವೇ. ಆದರೂ ಅದು ನಡೆಯುತ್ತದೆ. ಒಂದೇ ಉತ್ತರವನ್ನು ಸ್ಪಷ್ಟವಾದ ಕೈಯಲ್ಲಿಯೂ ಅಸ್ಪಷ್ಟವಾದ ಕೈಯಲ್ಲಿಯೂ ಬರೆಸಿ ಪರೀಕ್ಷಕರಿಗೆ ಕೊಟ್ಟು ನೋಡಿದ ಅಧ್ಯಯನಗಳು ಹಲವಿವೆ. ಅಮೆರಿಕದ ಸ್ಟೀವ್ ಗ್ರಹಾಂ ಮತ್ತು ಸಂಗಡಿಗರು 2011ರಲ್ಲಿ ಇಂಥವನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಮಾತು ಒಂದೇ ಆಗಿದ್ದರೂ ಓದಲು ಕಷ್ಟವಾದ ಪ್ರತಿಗೆ ಕಡಿಮೆ ಅಂಕ ಬೀಳುತ್ತದೆಂಬುದು ಅವರು ಕಂಡದ್ದು. ಕಾರಣ ಗೂಢವಾದುದೇನಲ್ಲ. ಅಕ್ಷರ ಬಿಡಿಸುವುದರಲ್ಲೇ ಪರೀಕ್ಷಕನ ಗಮನ ಸವೆದರೆ ವಾದದ ಸರಣಿ ತಪ್ಪಿಹೋಗುತ್ತದೆ. ಎಷ್ಟೇ ಧರ್ಮಿಷ್ಠನಾದರೂ ಓದಲಾಗದ ಸಾಲಿಗೆ ಅವನು ಅಂಕ ಹಾಕುವುದಾದರೂ ಹೇಗೆ?

ಇನ್ನು ವಯಸ್ಸಿನ ಮಾತು. ಬಾಲ್ಯದಲ್ಲಿ ಅಕ್ಷರವನ್ನು ಅಲಕ್ಷಿಸಿದ್ದನ್ನು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ದಕ್ಷಿಣ ಆಫ್ರಿಕದಲ್ಲಿ ವಕೀಲರ ಮತ್ತು ಯುವಕರ ಸುಂದರವಾದ ಬರಹವನ್ನು ಕಂಡು ತಮಗೆ ನಾಚಿಕೆಯಾಯಿತೆಂದೂ, ಆಮೇಲೆ ತಿದ್ದಿಕೊಳ್ಳಲು ಹೊರಟರೆ ಕಾಲ ಮೀರಿತ್ತೆಂದೂ ಅವರು ಹೇಳಿಕೊಂಡಿದ್ದಾರೆ. ಸೌಂದರ್ಯದ ಮಟ್ಟಿಗೆ ಅವರ ಮಾತು ನಿಜವಿರಬಹುದು. ಸ್ಪಷ್ಟತೆಯ ಮಾತು ಬೇರೆ. ಸುಂದರವಾಗಿ ಬರೆಯಲು ಇಡೀ ಕೈಯನ್ನೇ ತಿದ್ದಬೇಕು. ಸ್ಪಷ್ಟವಾಗಿ ಬರೆಯಲು ಕೆಟ್ಟಿರುವ ನಾಲ್ಕಾರು ಅಕ್ಷರಗಳನ್ನು ತಿದ್ದಿದರೆ ಸಾಕು. ಬಟ್ಟೆಯನ್ನೆಲ್ಲ ಬಿಚ್ಚಬೇಕಾಗಿಲ್ಲ, ಹೊಲಿಗೆ ಬಿಟ್ಟ ಜಾಗವನ್ನು ಮಾತ್ರ ಹುಡುಕಬೇಕು.

ಹಿಂದೆ ಶಾನುಭೋಗರ ಕಡತಗಳಲ್ಲಿ ಮೋಡಿ ಅಕ್ಷರದ ಬಳಕೆಯಿತ್ತು. ಬೇಗ ಬರೆಯಲೆಂದು ಅಕ್ಷರವನ್ನು ಅಕ್ಷರಕ್ಕೆ ಕೂಡಿಸಿ ಓಡಿಸುವ ಬರಹ ಅದು. ಆ ಕಸುಬಿನವರು ಅದನ್ನು ಸರಾಗವಾಗಿ ಓದುತ್ತಿದ್ದರು. ಇಂದು ಓದಬಲ್ಲವರು ವಿರಳ. ಪರೀಕ್ಷೆಯ ಅವಸರದಲ್ಲಿ ನಾವೂ ಒಂದು ಮೋಡಿಯನ್ನು ಕಟ್ಟಿಕೊಳ್ಳುತ್ತೇವೆ. ಅದನ್ನು ಓದಬಲ್ಲವರು ನಾವೊಬ್ಬರೇ.

ಅವಸರದಲ್ಲಿ ಕನ್ನಡ ಅಕ್ಷರ ಕೆಡುವ ಜಾಗಗಳು ಬಹುಮಟ್ಟಿಗೆ ಗೊತ್ತಾದವೇ. ಮೊದಲನೆಯದು ತಲೆಕಟ್ಟು. ತಲೆಕಟ್ಟು ಬಿಟ್ಟ ‘ರ’ಕಾರಕ್ಕೂ ಸೊನ್ನೆಗೂ ಭೇದವಿಲ್ಲ. ‘ವ’ಕಾರದ ತಲೆ ಸಡಿಲವಾದರೆ ‘ಪ’ಕಾರ ಕಾಣುತ್ತದೆ, ಕವಿಯು ಕಪಿಯಾಗಲು ಅಷ್ಟು ಸಾಕು. ಎರಡನೆಯದು ಸೀಳು. ಹೊಟ್ಟೆ ಸೀಳಿದ ‘ಷ’ಕಾರದ ಆ ಗೆರೆ ಹಾರಿಹೋದರೆ ‘ಭಾಷೆ’ ‘ಭಾಪೆ’ಯಾಗುತ್ತದೆ. ಅಡಿಯ ಸೀಳು ಬಿಟ್ಟರೆ ಮಹಾಪ್ರಾಣ ಉಳಿಯುವುದಿಲ್ಲ. ಅರ್ಥಶಾಸ್ತ್ರದ ಉತ್ತರದಲ್ಲಿ ಧನಸಂಗ್ರಹವು ದನಸಂಗ್ರಹವಾದುದನ್ನು ನಾನು ಕಂಡಿದ್ದೇನೆ. ಮೂರನೆಯದು ದೀರ್ಘ ಮತ್ತು ಇಳಿ. ‘ಬೆಳೆ’ಗೂ ‘ಬೇಳೆ’ಗೂ, ‘ಬಳೆ’ಗೂ ‘ಬಾಳೆ’ಗೂ ಇರುವ ಅಂತರ ಒಂದೇ ಒಂದು ತಿರುವಿನದು. ನಾಲ್ಕನೆಯದು ಒತ್ತಕ್ಷರ. ‘ಕತ್ತೆ’ಯ ಒತ್ತು ಮಾಸಿದರೆ ‘ಕತೆ’ ಉಳಿಯುತ್ತದೆ. ‘ಹಳ್ಳಿ’ಯ ಒತ್ತು ಮಾಸಿದರೆ ‘ಹಳಿ’.

ಒತ್ತಕ್ಷರದ ವಿಷಯದಲ್ಲಿ ಇನ್ನೊಂದು ಮಾತನ್ನು ಗಮನಿಸಬೇಕು. ಕನ್ನಡದ ಸಾಲು ಎರಡಂತಸ್ತಿನ ಮನೆಯಿದ್ದಂತೆ. ಅಕ್ಷರ ಮೇಲಂತಸ್ತಿನಲ್ಲಿ, ಒತ್ತು ಕೆಳ ಅಂತಸ್ತಿನಲ್ಲಿ. ನಾವಾದರೋ ಎರಡು ಗೆರೆಗಳ ನಡುವಣ ಸ್ಥಳವನ್ನೆಲ್ಲ ಅಕ್ಷರಕ್ಕೇ ಕೊಟ್ಟುಬಿಡುತ್ತೇವೆ. ಆಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೂ ಏತ್ವಕ್ಕೂ ಹೋಗಿ ತಾಗುತ್ತದೆ. ಪುಟ ಕಲಸಿದಂತೆ ಕಾಣಲು ಮುಖ್ಯ ಕಾರಣ ಇದೇ. ಅಕ್ಷರವನ್ನು ಗೆರೆಗಳ ನಡುವಣ ಅಂತರದ ಅರ್ಧದಷ್ಟು ಎತ್ತರಕ್ಕೆ ಇಳಿಸಿ, ಉಳಿದುದನ್ನು ಒತ್ತಿಗೆ ಬಿಡಿ. ಪದ ಪದಗಳ ನಡುವೆ ಒಂದು ಅಕ್ಷರದಷ್ಟು ತೆರವಿರಲಿ. ಒಂದು ಅಕ್ಷರವನ್ನೂ ತಿದ್ದದೆ ಇಷ್ಟನ್ನು ಮಾಡಿದರೂ ಪುಟದ ಮುಖ ಬದಲಾಗುತ್ತದೆ.

ಆಮೇಲೆ ನಿಮ್ಮ ದೋಷಗಳು ಯಾವುವೆಂದು ನೀವೇ ಕಂಡುಕೊಳ್ಳಬೇಕು. ಅದಕ್ಕೊಂದು ಸುಲಭವಾದ ಪರೀಕ್ಷೆಯಿದೆ. ಗಡಿಯಾರ ಎದುರಿಗಿಟ್ಟುಕೊಂಡು ನಿಮ್ಮ ಪಾಠದ ಯಾವುದಾದರೊಂದು ಪ್ರಶ್ನೆಗೆ ಹದಿನೈದು ನಿಮಿಷ ಉತ್ತರ ಬರೆಯಿರಿ. ಪರೀಕ್ಷೆಯಲ್ಲಿ ಬರೆಯುವಷ್ಟೇ ವೇಗವಿರಲಿ. ಅಂದವಾಗಿ ಬರೆಯಲು ಹೋಗಬೇಡಿ. ಆ ಹಾಳೆಯನ್ನು ಆ ಪಾಠ ಓದದ ಯಾರಿಗಾದರೂ, ಮಗಳಿಗೋ ನೆರೆಯವರಿಗೋ, ಕೊಟ್ಟು ಗಟ್ಟಿಯಾಗಿ ಓದಲು ಹೇಳಿ. ಅವರು ತಡೆದಾಗ ನೀವು ಬಾಯಿ ಹಾಕಕೂಡದು. ಎಲ್ಲಿ ಎಡವಿದರೋ ಅಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆಯಿಡಿ. ಕೊನೆಯಲ್ಲಿ ಚುಕ್ಕೆಗಳನ್ನು ಎಣಿಸಿ, ಯಾವ ಯಾವ ಅಕ್ಷರದ ಕೆಳಗೆ ಎಷ್ಟು ಬಿದ್ದಿವೆ ನೋಡಿ. ನೂರು ತಪ್ಪಿದಂತೆ ತೋರುವ ಕಡೆ ನಾಲ್ಕೈದು ಅಕ್ಷರಗಳೇ ಮತ್ತೆ ಮತ್ತೆ ತಪ್ಪಿರುವುದು ಸಾಮಾನ್ಯ.

ಹೊಲಿಗೆಯ ತಾಯಿಯ ಹಾಳೆಯಲ್ಲಿ ಸಿಕ್ಕಿದ್ದು ನಾಲ್ಕು: ತಲೆಯಿಲ್ಲದ ‘ರ’, ಸೀಳಿಲ್ಲದ ‘ಧ’, ಇಕ್ಕಟ್ಟಾದ ಒತ್ತುಗಳು, ಬಾಲ ಸುತ್ತಿಕೊಂಡ 6. ಕಾಲೇಜಿಗೆ ಹೋಗುವ ಮಗ ಓದಿ ತೋರಿಸಿದನಂತೆ. “ಇಷ್ಟೇನಾ!” ಎಂದು ಆಕೆಗೆ ಆಶ್ಚರ್ಯ. ಇಪ್ಪತ್ತು ವರ್ಷ ತಮ್ಮ ಬರಹವೇ ಕೆಟ್ಟದ್ದೆಂದು ತಿಳಿದಿದ್ದವರು ಅವರು.

ತಿದ್ದುವ ಕ್ರಮ ಹೀಗೆ. ದಿನಕ್ಕೆ ಹತ್ತು ನಿಮಿಷ ಸಾಕು; ವಾರಕ್ಕೊಮ್ಮೆ ಒಂದು ಗಂಟೆ ಕೂರುವುದಕ್ಕಿಂತ ಅದು ಲೇಸು. ವಾರಕ್ಕೆ ಒಂದೇ ಅಕ್ಷರವನ್ನು ಹಿಡಿಯಿರಿ. ಚಿಕ್ಕ ಮಕ್ಕಳಂತೆ ಬಿಡಿ ಅಕ್ಷರವನ್ನು ಸಾಲುಗಟ್ಟಲೆ ತಿದ್ದಬೇಡಿ. ನಿಮ್ಮ ಪಾಠದಲ್ಲಿ ಬರುವ ಪದಗಳಲ್ಲಿ ಅದನ್ನು ಬರೆಯಿರಿ. ‘ಧ’ಕಾರಕ್ಕೆ ‘ಅಧಿಕಾರ’, ‘ಸಂವಿಧಾನ’, ‘ಸಾಧನೆ’. ಮೊದಲ ಮೂರು ದಿನ ನಿಧಾನವಾಗಿ, ಅನಂತರ ವೇಗವಾಗಿ. ವೇಗದಲ್ಲಿಯೂ ಆ ಸೀಳು ತಾನಾಗಿ ಬೀಳುವಂತಾದಾಗ ಮುಂದಿನ ಅಕ್ಷರಕ್ಕೆ ಹೋಗಿ. ಕೈ ತಾನಾಗಿ ಬರೆಯತೊಡಗಿದರೆ ಮನಸ್ಸಿಗೆ ವಿಷಯವನ್ನು ಚಿಂತಿಸಲು ಬಿಡುವು ಸಿಕ್ಕುತ್ತದೆ. ಉಕ್ತಲೇಖನ ಹೇಳಲು ಮನೆಯಲ್ಲಿ ಯಾರೂ ಇಲ್ಲವೆನ್ನಬೇಡಿ. ರೇಡಿಯೋದಲ್ಲಿ ಕನ್ನಡ ವಾರ್ತೆ ಬರುತ್ತಿರುವಾಗ ಕೇಳಿದಷ್ಟನ್ನು ಬರೆದುಕೊಳ್ಳಿ. ಎಲ್ಲ ವಾಕ್ಯಗಳೂ ಸಿಕ್ಕಬೇಕೆಂದಿಲ್ಲ. ಸಿಕ್ಕಿದ ವಾಕ್ಯವನ್ನು ಮರುದಿನ ನಿಮಗೆ ಓದಲು ಬರಬೇಕು, ಅಷ್ಟೆ.

ಲೇಖನಿಯ ವಿಷಯ. ದುಬಾರಿ ಪೆನ್ನು ಅಕ್ಷರವನ್ನು ತಿದ್ದುವುದಿಲ್ಲ. ಒತ್ತಿ ಹಿಡಿಯದೆಯೂ ಶಾಯಿ ಸಮನಾಗಿ ಇಳಿಯುವ ಪೆನ್ನನ್ನು ಆರಿಸಿಕೊಳ್ಳಿ. ಜೆಲ್ ಪೆನ್ನಿನ ಶಾಯಿ ತೆಳು ಹಾಳೆಯಲ್ಲಿ ಹಿಂಬದಿಗೆ ಮೂಡುವುದುಂಟು. ಮೊದಲೇ ಬರೆದು ನೋಡಿ. ಪರೀಕ್ಷೆಗೆ ಹೊಸ ಪೆನ್ನು ಒಯ್ಯಬೇಡಿ. ಕೈಗೆ ಪಳಗಿದ್ದನ್ನೇ ಒಯ್ಯಿರಿ. ಬರೆಯುವಾಗ ಬೆರಳ ತುದಿ ಬಿಳಚಿಕೊಳ್ಳುವಂತಿದ್ದರೆ ಹಿಡಿತ ಅತಿಯಾಯಿತೆಂದು ತಿಳಿಯಿರಿ. ಮೊಬೈಲಿನಲ್ಲಿಯೇ ಬರೆದು ರೂಢಿಯಾದ ಕೈ ಮೂರು ಗಂಟೆಯ ಪರೀಕ್ಷೆಯಲ್ಲಿ ಎರಡನೆಯ ಗಂಟೆಗೇ ಸೋಲುತ್ತದೆ. ಆದ್ದರಿಂದ ಪರೀಕ್ಷೆಗೆ ಮೊದಲು ಕೆಲವು ವಾರ ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆ ಹೀಗೆ ಏರಿಸುತ್ತ ಕೈಯನ್ನು ಅಣಿಮಾಡಿಕೊಳ್ಳಬೇಕು.

ಪರೀಕ್ಷೆಯ ಕೋಣೆಯಲ್ಲಿ ನೆನಪಿಡಬೇಕಾದ ಮಾತು ಮೂರು. ಪ್ರಶ್ನೆಯ ಸಂಖ್ಯೆ, ಇಸವಿ, ಹೆಸರು, ಇವನ್ನು ಬರೆಯುವಾಗ ಕೈಯನ್ನು ತುಸು ನಿಧಾನಗೊಳಿಸಿ; ಅಲ್ಲಿ ಓದುಗನು ಸಂದರ್ಭ ನೋಡಿ ಊಹಿಸಲಾರ. ತಪ್ಪಾದ ಪದದ ಮೇಲೆಯೇ ತಿದ್ದಿ ಬರೆಯಬೇಡಿ. ಒಂದು ಗೆರೆ ಹೊಡೆದು ಪಕ್ಕದಲ್ಲಿ ಬರೆಯಿರಿ. ಕೊನೆಯ ಐದು ನಿಮಿಷ ಹೊಸ ಸಾಲು ಸೇರಿಸದೆ ಬರೆದುದನ್ನು ಓದಿ, ಬಿಟ್ಟ ತಲೆಕಟ್ಟನ್ನೂ ಸೀಳನ್ನೂ ಹಾಕಿ. ಹತ್ತು ಸಾಲು ಓದಿಸಿಕೊಂಡರೆ ಹದಿನೈದು ಸಾಲು ಓದಿಸಿಕೊಳ್ಳದೆ ಹೋಗುವುದಕ್ಕಿಂತ ಮೇಲು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ಕೈ ನಡುಗುವವರು, ಪೆಟ್ಟಿನಿಂದ ಬೆರಳು ಮಣಿಯದವರು, ದೃಷ್ಟಿ ಮಂದವಾದವರು ಇದನ್ನೆಲ್ಲ ಅಭ್ಯಾಸದಿಂದ ಗೆಲ್ಲಬೇಕೆಂದು ನನ್ನ ಅಭಿಪ್ರಾಯವಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯು ಅಂಥವರಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಕಾಲಾವಕಾಶವನ್ನೂ ಬರೆದುಕೊಡುವವರ ನೆರವನ್ನೂ ಹೇಳಿದೆ. ಸಂಬಂಧಪಟ್ಟ ಪ್ರಮಾಣಪತ್ರದೊಡನೆ ಮುಂಚಿತವಾಗಿಯೇ ನಿಮ್ಮ ಅಧ್ಯಯನ ಕೇಂದ್ರದಲ್ಲಿ ವಿಚಾರಿಸಿ. ಕೇಳಲು ಸಂಕೋಚಪಡುವ ಕಾರಣವಿಲ್ಲ.

ಹೊಲಿಗೆಯ ತಾಯಿಯ ಮುಂದಿನ ಅಸೈನ್‌ಮೆಂಟು ನನ್ನ ಬಳಿಗೇ ಬಂತು. ಅಕ್ಷರ ಮುತ್ತಿನಂತಾಗಿರಲಿಲ್ಲ, ಸಾಲು ಈಗಲೂ ಬಲಕ್ಕೆ ಇಳಿಯುತ್ತಿತ್ತು. ‘ರ’ಕಾರಗಳಿಗೆ ತಲೆ ಬಂದಿತ್ತು. ಒಂದೆರಡು ಕಡೆ ಸೀಳು ಆಮೇಲೆ ಹಾಕಿದ್ದೆಂಬುದು ಶಾಯಿಯಿಂದ ತಿಳಿಯುತ್ತಿತ್ತು. ನಾನು ಆ ಉತ್ತರವನ್ನು ಮೊದಲಿನಿಂದ ಕೊನೆಯ ವರೆಗೆ ಒಮ್ಮೆಯೂ ನಿಲ್ಲದೆ ಓದಿದೆ. ಆಕೆ ಹೇಳಿದ್ದ ಒಂದು ವಿಚಾರವನ್ನು ನಾನು ಒಪ್ಪಲಿಲ್ಲ. ಅದನ್ನು ಅಂಚಿನಲ್ಲಿ ಬರೆದೆ. ಒಪ್ಪುವುದಕ್ಕಾಗಲಿ ಒಪ್ಪದಿರುವುದಕ್ಕಾಗಲಿ ಮೊದಲು ಓದಲು ಬರಬೇಕಷ್ಟೆ. ಇಂದು ರಾತ್ರಿಯೇ ಒಂದು ಹಾಳೆ ಬರೆದು, ಮನೆಯಲ್ಲಿ ಯಾರ ಕೈಗಾದರೂ ಕೊಟ್ಟು, ಸುಮ್ಮನೆ ಕುಳಿತು ಕೇಳಿ.